ಐವತ್ತರೊಳಗೆ ನಿವೃತ್ತಿ: ಗಂಟು ಕಟ್ಟಲು 14 ಸೂತ್ರಗಳು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ ಹಿರಿಯರು. ಹಾಗಾದರೆ ಎಷ್ಟು ಕುಡಿಕೆ ಇದ್ದರೆ ಸಾಕು? ಐವತ್ತರೊಳಗೆ ನೌಕರಿ ಬಿಡಬೇಕೆಂದು ಆಸೆಪಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗುವುದು ಲೆಕ್ಕದಲ್ಲಿ. ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು.

ಹೀಗೆ ಬೇಗ ನೌಕರಿ ಬಿಡುವುದನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಹುಡುಗರು ‘ಫೈರ್’ (ಫೈನಾನ್ಷಿಯಲ್ ಇಂಡಿಪೆಂಡೆನ್ಸ್, ರಿಟೈರ್ ಅರ್ಲಿ) ಎಂದು ಕರೆಯುತ್ತಾರೆ. ಭಾರಿ ಸಂಬಳ ಎಣಿಸುವವರಿಗೆ ಮಾತ್ರ ಇದು ಸಾಧ್ಯ ಎಂಬ ಮಾತು ಎಲ್ಲ ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ನೌಕರಿಯನ್ನು ಯಾವ ವಯಸ್ಸಿಗೆ ಬಿಡಬಹುದು ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಮನೆಯ ತಿಂಗಳ ಖರ್ಚು. ಖರ್ಚು ಇಳಿದರೆ ಉಳಿತಾಯ ಹೆಚ್ಚುತ್ತದೆ, ಕೂಡಿಡಬೇಕಾದ ಗಂಟೂ ಚಿಕ್ಕದಾಗುತ್ತದೆ. ಮುಂದಿನ ಎಲ್ಲ ಸೂತ್ರಗಳೂ ಈ ಒಂದು ಮಾತನ್ನು ಆಧರಿಸಿವೆ.

1. ಒಂದು ವರ್ಷದ ಖರ್ಚು ಬರೆದಿಡಿ

ತಿಂಗಳಿಗೆ ಎಷ್ಟು ಬೇಕು ಎಂದು ಕೇಳಿದರೆ ಬಾಡಿಗೆ, ದಿನಸಿ, ಹಾಲು, ಕರೆಂಟ್ ಬಿಲ್, ಪೆಟ್ರೋಲ್ ಕೂಡಿಸಿ ಒಂದು ಮೊತ್ತ ಹೇಳಿಬಿಡುತ್ತೇವೆ. ಶಾಲೆಯ ಫೀಸು, ವಿಮೆಯ ಕಂತು, ಗಾಡಿಯ ಸರ್ವಿಸ್, ಹಬ್ಬದ ಬಟ್ಟೆ, ಊರಿನ ಜಾತ್ರೆ, ಮದುವೆಮನೆಗಳ ಮುಯ್ಯಿ, ಅಪ್ಪ-ಅಮ್ಮನ ಔಷಧಿ, ಕೆಲವು ವರ್ಷಕ್ಕೊಮ್ಮೆ ಮನೆಗೆ ಬಳಿಸುವ ಬಣ್ಣ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಇವನ್ನೆಲ್ಲ ಸೇರಿಸಿ ಬರುವ ವರ್ಷದ ಖರ್ಚನ್ನು 12ರಿಂದ ಭಾಗಿಸಿದಾಗ ಬರುವುದೇ ನಿಜವಾದ ತಿಂಗಳ ಖರ್ಚು. ಈಗ ಬಹುಪಾಲು ಪಾವತಿ ಯುಪಿಐಯಲ್ಲಿ ನಡೆಯುವುದರಿಂದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಮುಕ್ಕಾಲು ಲೆಕ್ಕ ಸಿಗುತ್ತದೆ. ನಗದು ಕೊಟ್ಟದ್ದನ್ನು ಅಂದಂದೇ ಬರೆದಿಟ್ಟರೆ ಉಳಿದದ್ದೂ ಸಿಕ್ಕಿತು.

ಬರೆದಾದ ಮೇಲೆ ಎರಡು ಗುರುತು ಹಾಕಿ. ಸಾಲದ ಕಂತು, ಆಫೀಸಿನ ಓಡಾಟ, ಮಕ್ಕಳ ಫೀಸು ನಿವೃತ್ತಿಯ ಹೊತ್ತಿಗೆ ಮುಗಿದಿರಬಹುದು. ಆಸ್ಪತ್ರೆ, ಔಷಧಿಯ ಖರ್ಚು ಹೆಚ್ಚುತ್ತದೆ. ಅಳಿದುಳಿದು ನಿಲ್ಲುವ ಮೊತ್ತವೇ ನಿಮ್ಮ ಮೂಲ ಅಂಕಿ.

2. ವರ್ಷದ ಖರ್ಚಿನ 33 ಪಟ್ಟು ಗುರಿ ಇಡಿ

ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಗಂಟಿನ ಶೇ. 4ರಷ್ಟನ್ನು ಮೊದಲ ವರ್ಷ ತೆಗೆದು, ಆಮೇಲೆ ಬೆಲೆ ಏರಿದಷ್ಟೇ ಏರಿಸಿಕೊಂಡು ಹೋದರೆ ಹಣ 30 ವರ್ಷ ಬಾಳುತ್ತದೆ ಎಂಬುದು ಅದರ ಸಾರ. ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು 1998ರಲ್ಲಿ ನಡೆಸಿದ ಅಧ್ಯಯನದಿಂದ ಇದು ಇನ್ನಷ್ಟು ಹೆಸರಾಯಿತು. ಶೇ. 4 ಎಂದರೆ ವರ್ಷದ ಖರ್ಚಿನ 25 ಪಟ್ಟು ಗಂಟು.

ಈ ಲೆಕ್ಕವನ್ನು ನಾವು ಹಾಗೆಯೇ ನೆಚ್ಚುವಂತಿಲ್ಲ. ಅದು ಅಮೆರಿಕದ ಮಾರುಕಟ್ಟೆಯ ಅಂಕಿಗಳ ಮೇಲೆ ನಿಂತಿದೆ. ಅಲ್ಲದೆ 48ಕ್ಕೆ ನೌಕರಿ ಬಿಟ್ಟವರಿಗೆ 30 ವರ್ಷ ಬಾಳುವ ಹಣ ಸಾಲದು, 40 ವರ್ಷವಾದರೂ ಬೇಕು. ಹಾಗಾಗಿ ಶೇ. 3 ಇಟ್ಟುಕೊಳ್ಳುವುದು ಕ್ಷೇಮ. ಆಗ 33 ಪಟ್ಟು ಬೇಕಾಗುತ್ತದೆ.

ನೆನಪಿಡಲು ಸುಲಭವಾದ ಸೂತ್ರ: ತಿಂಗಳ ಪ್ರತಿ 1,000 ರೂ. ಖರ್ಚಿಗೆ 4 ಲಕ್ಷ ರೂ. ಗಂಟು. ತಿಂಗಳಿಗೆ 50,000 ರೂ. ಬೇಕಾದ ಮನೆಗೆ 2 ಕೋಟಿ.

3. ಬೆಲೆ ಏರಿಕೆಯನ್ನು ಮರೆತರೆ ಲೆಕ್ಕವೇ ತಪ್ಪು

ಆ 2 ಕೋಟಿ ಇವತ್ತಿನ ಬೆಲೆಯ ಲೆಕ್ಕ. ಬೆಲೆ ಏರಿಕೆಯನ್ನು ಶೇ. 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಶೇ. 6ರೊಳಗೆ ಇಡಬೇಕೆಂಬುದು ರಿಸರ್ವ್ ಬ್ಯಾಂಕಿಗೆ ಇರುವ ಗುರಿ. ಶಾಲೆ, ಆಸ್ಪತ್ರೆಯ ಖರ್ಚು ಅದಕ್ಕಿಂತ ಜೋರಾಗಿ ಏರುವುದನ್ನು ಎಲ್ಲರೂ ಕಂಡಿದ್ದೇವೆ. ಆದ್ದರಿಂದ ಶೇ. 6 ಎಂದೇ ಹಿಡಿಯಿರಿ. 72ನ್ನು 6ರಿಂದ ಭಾಗಿಸಿದರೆ 12: ಹನ್ನೆರಡು ವರ್ಷಕ್ಕೊಮ್ಮೆ ಖರ್ಚು ದುಪ್ಪಟ್ಟಾಗುತ್ತದೆ. ಇವತ್ತಿನ 50,000 ರೂ. 18 ವರ್ಷದ ನಂತರ ಸುಮಾರು 1.43 ಲಕ್ಷ. 2 ಕೋಟಿಯ ಗುರಿ ಸುಮಾರು 5.7 ಕೋಟಿ.

ಇದನ್ನು ನೋಡಿ ಎದೆಗುಂದಬೇಡಿ, ಸಂಬಳವೂ ಏರುತ್ತಿರುತ್ತದೆ. ಎಲ್ಲ ಲೆಕ್ಕವನ್ನೂ ಇವತ್ತಿನ ಬೆಲೆಯಲ್ಲೇ ಹಾಕಿ, ಹೂಡಿಕೆಯ ಗಳಿಕೆಯಿಂದ ಬೆಲೆ ಏರಿಕೆಯನ್ನು ಕಳೆಯಿರಿ. ಶೇ. 10 ಗಳಿಸಿದರೆ ನಿಜವಾಗಿ ಕೈಗೆ ಬಂದದ್ದು ಸುಮಾರು ಶೇ. 4. ಶೇ. 7ರ ಎಫ್‌ಡಿಯ ಬಡ್ಡಿಗೆ ಶೇ. 30ರ ತೆರಿಗೆ ಕಟ್ಟುವವರಿಗೆ ಉಳಿಯುವುದು ಶೇ. 4.9ಕ್ಕಿಂತ ಕಡಿಮೆ. ಅಂದರೆ ಗಂಟು ಒಳಗೊಳಗೇ ಕರಗುತ್ತಿರುತ್ತದೆ.

4. ಸಂಬಳದಲ್ಲಿ ಶೇಕಡಾ ಎಷ್ಟು ಉಳಿಯುತ್ತದೆ ನೋಡಿ

ಸೊನ್ನೆಯಿಂದ ಶುರು ಮಾಡಿ, ಬೆಲೆ ಏರಿಕೆ ಕಳೆದು ಶೇ. 4 ಗಳಿಸಿ, 33 ಪಟ್ಟು ಕೂಡಿಸಲು ಎಷ್ಟು ವರ್ಷ ಬೇಕು? ಸಂಬಳ ಬೆಲೆ ಏರಿಕೆಯಷ್ಟೇ ಏರುತ್ತದೆ ಎಂದುಕೊಂಡರೆ ಲೆಕ್ಕ ಹೀಗೆ:

ಶೇ. 10 ಉಳಿಸಿದರೆ: 65 ವರ್ಷ
ಶೇ. 25 ಉಳಿಸಿದರೆ: 41 ವರ್ಷ
ಶೇ. 40 ಉಳಿಸಿದರೆ: 28 ವರ್ಷ
ಶೇ. 50 ಉಳಿಸಿದರೆ: 21–22 ವರ್ಷ
ಶೇ. 60 ಉಳಿಸಿದರೆ: 16 ವರ್ಷ

ಈ ಪಟ್ಟಿಯಲ್ಲಿ ಸಂಬಳದ ಮೊತ್ತ ಎಲ್ಲೂ ಇಲ್ಲ. ತಿಂಗಳಿಗೆ 60,000 ರೂ. ದುಡಿದು 30,000 ಉಳಿಸುವ ದಂಪತಿಯೂ 3 ಲಕ್ಷ ದುಡಿದು 1.5 ಲಕ್ಷ ಉಳಿಸುವ ದಂಪತಿಯೂ ಅಷ್ಟೇ ವರ್ಷಗಳಲ್ಲಿ ಗುರಿ ಮುಟ್ಟುತ್ತಾರೆ. ಶೇ. 40 ಉಳಿಸುವವರು 28ನೇ ವಯಸ್ಸಿಗೆ ಶುರು ಮಾಡಿದರೆ 56ಕ್ಕೆ ಮುಗಿಸುತ್ತಾರೆ. ಅದೂ ಬೇಗನೆಯೇ. ಕಡಿಮೆ ಸಂಬಳದವರಿಗೆ ಅರ್ಧ ಉಳಿಸುವುದು ಕಷ್ಟ ನಿಜ. ಅಂಥವರು ದುಡಿಮೆ ಹೆಚ್ಚಿಸುವ ಕೌಶಲ ಕಲಿಯುವುದಕ್ಕೆ ಮೊದಲ ಐದು ವರ್ಷ ಮುಡಿಪಿಡಲಿ. ಆಮೇಲೆ ಹೆಚ್ಚಿದ ದುಡಿಮೆ ಉಳಿತಾಯಕ್ಕೆ ಹೋಗಲಿ.

5. ದೊಡ್ಡ ಖರ್ಚಿಗೆ ಕತ್ತರಿ ಹಾಕಿ

ತಿಂಗಳಿಗೆ 1.15 ಲಕ್ಷ ದುಡಿದು 50,000 ಖರ್ಚು ಮಾಡಿ 65,000 ಉಳಿಸುವ ಮನೆ ಸುಮಾರು 18 ವರ್ಷಕ್ಕೆ ಗುರಿ ತಲುಪುತ್ತದೆ. ಅದೇ ಮನೆ ತಿಂಗಳಿಗೆ 5,000 ರೂ. ಖರ್ಚು ಇಳಿಸಿದರೆ ಗುರಿ 20 ಲಕ್ಷದಷ್ಟು ತಗ್ಗುತ್ತದೆ, ವರ್ಷಕ್ಕೆ 60,000 ರೂ. ಹೆಚ್ಚು ಉಳಿಯುತ್ತದೆ. ಎರಡೂ ಸೇರಿ ನಿವೃತ್ತಿ ಎರಡು ವರ್ಷ ಮುಂಚೆ ಬರುತ್ತದೆ.

ಈ 5,000ಕ್ಕಾಗಿ ದರ್ಶಿನಿಯ ಕಾಫಿ, ವಾರಕ್ಕೊಂದು ಸಿನಿಮಾ ಬಿಟ್ಟು ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಅಂಥ ಉಳಿತಾಯ ಬಹಳ ದಿನ ಬಾಳುವುದಿಲ್ಲ. ಬಾಡಿಗೆ, ಕಾರು, ಶಾಲೆ, ಮದುವೆ: ಈ ನಾಲ್ಕನ್ನು ನೋಡಿ. ಬಡಾವಣೆ ಬದಲಿಸಿದರೆ ಬಾಡಿಗೆ ಇಳಿಯುತ್ತದೆ. ಕಾರನ್ನು ಐದು ವರ್ಷದ ಬದಲು ಹತ್ತು ವರ್ಷ ಓಡಿಸಬಹುದು. ಸಾಲ ಮಾಡಿ ಕಲ್ಯಾಣಮಂಟಪದಲ್ಲಿ ಸಾವಿರ ಎಲೆ ಹಾಕಿಸುವುದಕ್ಕಿಂತ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಹತ್ತಿರದವರಿಗೆ ಊಟ ಹಾಕಿಸಿದರೆ ಹೊಸ ದಂಪತಿಯ ಮೊದಲ ಹೂಡಿಕೆಗೆ ಹಣ ಉಳಿಯುತ್ತದೆ. ಸಂಬಳ ಏರಿದಾಗಲೆಲ್ಲ ಏರಿಕೆಯ ಅರ್ಧದಷ್ಟು ಅದೇ ತಿಂಗಳಿನಿಂದ ಹೂಡಿಕೆಗೆ ಹೋಗುವಂತೆ ಬ್ಯಾಂಕಿಗೆ ಹೇಳಿಬಿಡಿ.

6. ಸಾಲ ತೀರಿಸುವುದಕ್ಕೆ ಕ್ರಮ ಇರಲಿ

ಕ್ರೆಡಿಟ್ ಕಾರ್ಡ್ ಬಾಕಿಯ ಮೇಲೆ ವರ್ಷಕ್ಕೆ ಶೇ. 36–42ರವರೆಗೆ ಬಡ್ಡಿ ಬೀಳುತ್ತದೆ. ಅದನ್ನು ಮೀರಿಸುವ ಗಳಿಕೆ ಪ್ರಾಮಾಣಿಕವಾದ ಯಾವ ಹೂಡಿಕೆಯಲ್ಲೂ ಇಲ್ಲ. ಮೊದಲು ಅದನ್ನು, ನಂತರ ವೈಯಕ್ತಿಕ ಸಾಲವನ್ನು, ಆಮೇಲೆ ವಾಹನ ಸಾಲವನ್ನು, ಕೊನೆಗೆ ಗೃಹಸಾಲವನ್ನು ತೀರಿಸಿ. ಶೇ. 8.5ರ ಬಡ್ಡಿಗೆ 20 ವರ್ಷದ ಅವಧಿಗೆ 50 ಲಕ್ಷ ಸಾಲ ತೆಗೆದರೆ ಇಎಂಐ ಸುಮಾರು 43,400 ರೂ. ಒಟ್ಟು ಕಟ್ಟುವುದು 1.04 ಕೋಟಿ. ಪ್ರತಿ ವರ್ಷ ಒಂದು ಇಎಂಐ ಹೆಚ್ಚುವರಿಯಾಗಿ ಕಟ್ಟಿದರೆ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚಿತವಾಗಿ ಋಣ ತೀರುತ್ತದೆ. ಬದಲಾಗುವ ಬಡ್ಡಿ ದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸುವ ವ್ಯಕ್ತಿಗಳಿಗೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಸಾಲ ತಲೆಯ ಮೇಲಿಟ್ಟುಕೊಂಡು ನೌಕರಿ ಬಿಡಬೇಡಿ.

7. ನಿಮ್ಮದೇ ಆರೋಗ್ಯ ವಿಮೆ ಮಾಡಿಸಿ

ಕಂಪನಿ ಕೊಟ್ಟ ಆರೋಗ್ಯ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಐವತ್ತರ ಹೊತ್ತಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಂದಿದ್ದರೆ ಹೊಸ ಪಾಲಿಸಿಯಲ್ಲಿ ಅವಕ್ಕೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಹಾಗಾಗಿ ನೌಕರಿಯಲ್ಲಿದ್ದಾಗಲೇ ಕುಟುಂಬಕ್ಕೆ ಸ್ವಂತ ಪಾಲಿಸಿ ಇರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ. ಗಂಟು ತುಂಬುವವರೆಗೆ ವರ್ಷದ ದುಡಿಮೆಯ 10–15 ಪಟ್ಟು ಟರ್ಮ್ ವಿಮೆ ಇರಲಿ. ಹಣ ವಾಪಸು ಕೊಡುವ ಪಾಲಿಸಿಗಳಲ್ಲಿ ರಕ್ಷಣೆಯೂ ಕಡಿಮೆ, ಗಳಿಕೆಯೂ ಕಡಿಮೆ. ಇದರ ಜೊತೆಗೆ ಆರು ತಿಂಗಳ ಖರ್ಚಿನಷ್ಟು ಆಪತ್ಕಾಲದ ಹಣ ಬ್ಯಾಂಕಿನಲ್ಲಿರಲಿ.

8. ಸರಳವಾಗಿ ಹೂಡಿ, ಅಗ್ಗವಾಗಿ ಹೂಡಿ

ದೀರ್ಘ ಕಾಲದಲ್ಲಿ ಬೆಲೆ ಏರಿಕೆಯನ್ನು ಮೀರಬೇಕಾದರೆ ಷೇರುಗಳ ಪಾಲು ಬೇಕೇ ಬೇಕು. ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡ್‌ನಲ್ಲಿ ಪ್ರತಿ ತಿಂಗಳು ಎಸ್‌ಐಪಿ ಮಾಡಿದರೆ ದೇಶದ 50 ದೊಡ್ಡ ಕಂಪನಿಗಳಲ್ಲಿ ನಿಮಗೊಂದು ಪಾಲು ಸಿಗುತ್ತದೆ. 2013ರ ಜನವರಿಯಿಂದ ಎಲ್ಲ ಮ್ಯೂಚುವಲ್ ಫಂಡ್‌ಗಳಲ್ಲೂ ಏಜೆಂಟ್ ಕಮಿಷನ್ ಇಲ್ಲದ ‘ಡೈರೆಕ್ಟ್’ ಪ್ಲಾನ್ ಇದೆ. ಅದನ್ನೇ ಆರಿಸಿ. ತಿಂಗಳಿಗೆ 10,000 ರೂ.ನಂತೆ 20 ವರ್ಷ ಹೂಡಿದರೆ ಶೇ. 11ರ ಗಳಿಕೆಯಲ್ಲಿ ಸುಮಾರು 86 ಲಕ್ಷ, ಶೇ. 10ರಲ್ಲಿ 76 ಲಕ್ಷ. ಒಂದೇ ಒಂದು ಶೇಕಡಾ ಕಮಿಷನ್ ಹೆಚ್ಚಾದರೆ ಹತ್ತು ಲಕ್ಷ ಕೈತಪ್ಪುತ್ತದೆ.

ಷೇರುಪೇಟೆ ಬೀಳುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿಯಿತು. ಹೆದರಿ ಮಾರಿದವರ ನಷ್ಟ ನಷ್ಟವಾಗಿಯೇ ಉಳಿಯಿತು. ಎಸ್‌ಐಪಿ ನಿಲ್ಲಿಸದೆ ಕಾದವರು 2010ರ ಕೊನೆಯ ಹೊತ್ತಿಗೆ ಸೂಚ್ಯಂಕ ಮತ್ತೆ 21,000ಕ್ಕೆ ಬಂದದ್ದನ್ನು ಕಂಡರು. ಹತ್ತು ವರ್ಷಕ್ಕಿಂತ ಹೆಚ್ಚು ಸಮಯ ಇರುವವರು ಶೇ. 60–65ರಷ್ಟು ಷೇರಿನಲ್ಲಿ, ಉಳಿದದ್ದು ಇಪಿಎಫ್, ಪಿಪಿಎಫ್, ಎಫ್‌ಡಿಯಲ್ಲಿ ಇಟ್ಟರೆ ನಿದ್ದೆಗೂ ಭಂಗವಿಲ್ಲ, ಗಳಿಕೆಗೂ ಕೊರತೆಯಿಲ್ಲ.

9. ಬೀಗ ಬಿದ್ದಿರುವ ಹಣ ಎಷ್ಟು, ಕೈಗೆ ಸಿಗುವ ಹಣ ಎಷ್ಟು?

ನಮ್ಮಲ್ಲಿನ ನಿವೃತ್ತಿ ಯೋಜನೆಗಳೆಲ್ಲ ಅರವತ್ತರ ಆಸುಪಾಸಿಗೆ ಹೊಂದುವಂತೆ ರೂಪುಗೊಂಡಿವೆ. ಇಪಿಎಫ್ ಜೊತೆಗಿನ ಪಿಂಚಣಿ ಪೂರ್ತಿ ಸಿಗುವುದು 58ಕ್ಕೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ಆಗಿರಬೇಕು. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರದ ಸೇವೆಗೆ ಸೇರಿದವರ ಎನ್‌ಪಿಎಸ್ ಕೂಡ ನಿವೃತ್ತಿಯ ವಯಸ್ಸನ್ನೇ ಗಮನದಲ್ಲಿಟ್ಟ ಯೋಜನೆ. 48ಕ್ಕೆ ನೌಕರಿ ಬಿಟ್ಟರೆ ಅರವತ್ತರವರೆಗಿನ 12 ವರ್ಷಕ್ಕೆ, ತಿಂಗಳಿಗೆ 50,000ದಂತೆ, ಇವತ್ತಿನ ಬೆಲೆಯಲ್ಲಿ 72 ಲಕ್ಷ ರೂ. ಬೇಕಾದಾಗ ತೆಗೆಯುವಂತಿರಬೇಕು. ಮ್ಯೂಚುವಲ್ ಫಂಡ್, ಎಫ್‌ಡಿ ಇದಕ್ಕೆ ಸರಿ. ಪಿಪಿಎಫ್ ಕೂಡ ಒದಗುತ್ತದೆ. 30ನೇ ವಯಸ್ಸಿಗೆ ತೆರೆದ ಖಾತೆಯ 15 ವರ್ಷದ ಅವಧಿ 45–46ರ ಹೊತ್ತಿಗೆ ಮುಗಿದಿರುತ್ತದೆ. ಆಗಲೇ ಹಣ ಬೇಡವಾದರೆ ಖಾತೆಯನ್ನು ಐದೈದು ವರ್ಷ ಮುಂದುವರಿಸಬಹುದು. ವರ್ಷಕ್ಕೆ 1.5 ಲಕ್ಷ ರೂ. ಅದರ ಮಿತಿ.

10. ವಾಸದ ಮನೆ, ಸೈಟು, ತೋಟ ಗಂಟಿನ ಲೆಕ್ಕಕ್ಕೆ ಬೇಡ

ಸ್ವಂತ ಮನೆ ಇದ್ದರೆ ಬಾಡಿಗೆ ಉಳಿಯುತ್ತದೆ, ನೆಮ್ಮದಿಯೂ ಇರುತ್ತದೆ. ಆದರೆ ಅದನ್ನು ಮಾರಿ ಊಟ ಮಾಡಲಾಗುವುದಿಲ್ಲ, ಆದ್ದರಿಂದ 33 ಪಟ್ಟಿಗೆ ಸೇರಿಸಬೇಡಿ. ಬಾಡಿಗೆಗೆಂದು ಒಂದು ಕೋಟಿಯ ಫ್ಲ್ಯಾಟ್ ಕೊಂಡು ತಿಂಗಳಿಗೆ 25,000 ಬಂದರೆ ಅದು ವರ್ಷಕ್ಕೆ ಶೇ. 3. ಮೇಂಟೆನೆನ್ಸ್, ಕಂದಾಯ ಕಳೆದರೆ ಇನ್ನೂ ಕಡಿಮೆ. ಖಾಲಿ ಸೈಟು ಮಾರುವ ದಿನದವರೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಭೋಗ್ಯಕ್ಕೆ ಕೊಟ್ಟ ಹಣ ಬಡ್ಡಿಯಿಲ್ಲದೆ ಕೂರುತ್ತದೆ. ಮನೆ ಬ್ಯಾಂಕಿಗೆ ಅಡವಾಗಿದ್ದರೆ ಆ ಹಣಕ್ಕೂ ಸಂಚಕಾರ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡದೆ ಒಪ್ಪಂದ ಮಾಡಿಕೊಳ್ಳಬೇಡಿ.

ಇನ್ನು ತೋಟದ ಕನಸು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಡಿಕೆ ಸಸಿ ನೆಟ್ಟ ಮೇಲೆ ಫಲಕ್ಕೆ ಐದಾರು ವರ್ಷ ಕಾಯಬೇಕು. ಅಷ್ಟರಲ್ಲಿ ಬೋರ್‌ವೆಲ್, ಬೇಲಿ, ಗೊಬ್ಬರ, ಆಳಿನ ಕೂಲಿ ನಿಲ್ಲುವುದಿಲ್ಲ. ತೋಟಕ್ಕೆ ಬೇರೆಯೇ ಹಣ ಎತ್ತಿಡಿ, ಹೊಟ್ಟೆಗೆ ಮೀಸಲಾದ ಗಂಟಿಗೆ ಕೈಹಾಕಬೇಡಿ.

11. ಹೆಚ್ಚು ಬಡ್ಡಿ ಎಂದವರಿಂದ ದೂರವಿರಿ

ಹೆಚ್ಚು ಲಾಭದ ಆಸೆ ತೋರಿಸಿ ಹಣ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಜೀವಮಾನದ ಉಳಿತಾಯ ಅಲ್ಲಿಟ್ಟಿದ್ದ ಸಾವಿರಾರು ಜನ ಬೀದಿಗೆ ಬಂದರು. ಒಡವೆ ಮಾರಿ ಹಣ ಕಟ್ಟಿದ್ದವರೂ ಅವರಲ್ಲಿದ್ದರು. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ. ಪತ್ತಿನ ಸಹಕಾರಿ ಸಂಘಗಳಿಗೆ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ‘ಬ್ಯಾಂಕ್’ ಎಂದಿದೆಯೋ ಬರೀ ‘ಸಹಕಾರಿ’ ಎಂದಿದೆಯೋ ನೋಡಿಯೇ ಹಣ ಕೊಡಿ. ಪರಿಚಯದವರು, ನಮ್ಮ ಜಾತಿಯವರು, ನಮ್ಮೂರಿನವರು ಎಂಬುದು ಠೇವಣಿಗೆ ಭದ್ರತೆಯಾಗುವುದಿಲ್ಲ.

12. ನಿವೃತ್ತಿಯ ಮೊದಲ ಐದು ವರ್ಷ ಕಾಪಾಡಿಕೊಳ್ಳಿ

ನೌಕರಿ ಬಿಟ್ಟ ಮರುವರ್ಷವೇ ಪೇಟೆ ಅರ್ಧಕ್ಕಿಳಿದರೆ, ಇಳಿದ ಬೆಲೆಗೇ ಮಾರಿ ಮನೆ ನಡೆಸಿದರೆ, ಪೇಟೆ ಚೇತರಿಸಿಕೊಂಡರೂ ಗಂಟು ಚೇತರಿಸಿಕೊಳ್ಳುವುದಿಲ್ಲ. ಅದಕ್ಕಾಗಿ ಮೂರು ವರ್ಷದ ಖರ್ಚು ಎಫ್‌ಡಿಯಲ್ಲಿರಲಿ. ಪೇಟೆ ಬಿದ್ದ ವರ್ಷ ಅದರಿಂದ ತೆಗೆಯಿರಿ, ಪ್ರವಾಸ, ಹೊಸ ಗಾಡಿಯಂಥ ಖರ್ಚು ಮುಂದೂಡಿ. ಪೇಟೆ ಏರಿದ ವರ್ಷ ಷೇರು ಫಂಡ್ ಮಾರಿ ಆ ಎಫ್‌ಡಿಯನ್ನು ಮತ್ತೆ ತುಂಬಿಸಿ. 2024ರ ಜುಲೈ 23ರಿಂದ ಒಂದು ವರ್ಷ ಮೀರಿದ ಷೇರು ಫಂಡ್‌ಗಳ ಲಾಭಕ್ಕೆ ಶೇ. 12.5 ತೆರಿಗೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ. ಒಮ್ಮೆಲೇ ಮಾರದೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮಾರಿದರೆ ಈ ವಿನಾಯಿತಿ ಪ್ರತಿ ವರ್ಷವೂ ಸಿಗುತ್ತದೆ.

13. ಮನೆಯವರೆಲ್ಲ ಕೂತು ಮಾತಾಡಿ

ಗಂಡನೊಬ್ಬನೇ ಅಥವಾ ಹೆಂಡತಿಯೊಬ್ಬಳೇ ಇಟ್ಟುಕೊಂಡ ಯೋಜನೆ ನಡೆಯುವುದಿಲ್ಲ. ಮಕ್ಕಳ ಓದಿಗೆ ಎಷ್ಟು, ಅಪ್ಪ-ಅಮ್ಮನ ಚಿಕಿತ್ಸೆಗೆ ಎಷ್ಟು, ತಂಗಿಯ ಮದುವೆಗೆ ಎಷ್ಟು ಎಂಬುದನ್ನು ಮೊದಲೇ ತೀರ್ಮಾನಿಸಿ, 33 ಪಟ್ಟಿನ ಹೊರಗೆ ಬೇರೆಯಾಗಿ ಕೂಡಿಡಿ. ಎಲ್ಲ ಖಾತೆಗೂ ನಾಮಿನಿ ಇರಲಿ, ಉಯಿಲು ಬರೆದಿಡಿ. ಯಾವ ಹಣ ಎಲ್ಲಿದೆ ಎಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.

14. ಬಿಟ್ಟ ಮೇಲೆ ಮಾಡುವ ಕೆಲಸವನ್ನು ಈಗಲೇ ಆರಿಸಿ

ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ 1908ರಲ್ಲಿ ಸ್ವಯಂ ನಿವೃತ್ತಿ ಪಡೆದರು. ಆಗ ಅವರಿಗೆ ಐವತ್ತು ತುಂಬಿರಲಿಲ್ಲ. ಅದೇ ವರ್ಷ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ ಹೈದರಾಬಾದ್ ಅವರನ್ನು ಕರೆಯಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೂ ಆ ನಿವೃತ್ತಿಯ ನಂತರವೇ. ಬೇಗ ನಿವೃತ್ತಿಯ ನಿಜವಾದ ಬೆಲೆ ಇಲ್ಲಿದೆ: ಯಾವ ಕೆಲಸ ಮಾಡಬೇಕು ಎಂಬ ತೀರ್ಮಾನ ನಿಮ್ಮ ಕೈಗೆ ಬರುತ್ತದೆ.

ಊರಿನ ಶಾಲೆಯಲ್ಲಿ ಪಾಠ ಹೇಳುವುದೋ, ಸಂಗೀತ ಕಲಿಯುವುದೋ, ಚಿಕ್ಕ ವ್ಯವಹಾರವೋ, ನೌಕರಿಯಲ್ಲಿದ್ದಾಗಲೇ ಶನಿವಾರ-ಭಾನುವಾರ ಮಾಡಿ ನೋಡಿ. ಆ ಕೆಲಸದಿಂದ ತಿಂಗಳಿಗೆ 15,000 ರೂ. ಬಂದರೂ, ಅದು ಬರುತ್ತಿರುವಷ್ಟು ಕಾಲ 60 ಲಕ್ಷದ ಗಂಟು ಕೊಡುವಷ್ಟನ್ನು ಕೊಡುತ್ತದೆ.

ಈ ದಾರಿಯ ಫಲ ಕೊನೆಯಲ್ಲಿ ಮಾತ್ರ ಸಿಗುವುದಿಲ್ಲ. ಒಂದು ವರ್ಷದ ಖರ್ಚು ಕೈಯಲ್ಲಿದ್ದರೆ ಅವಮಾನಿಸುವ ಮೇಲಧಿಕಾರಿಗೆ ರಾಜೀನಾಮೆ ಕೊಟ್ಟು ಬೇರೆ ಕೆಲಸ ಹುಡುಕಬಹುದು. ಐದು ವರ್ಷದ್ದಿದ್ದರೆ ಹೊಸ ವಿದ್ಯೆ ಕಲಿತು ಕ್ಷೇತ್ರವನ್ನೇ ಬದಲಿಸಬಹುದು. ಹದಿನೈದು ವರ್ಷದ್ದಿದ್ದರೆ ಕಡಿಮೆ ಸಂಬಳದ, ಮನಸ್ಸಿಗೆ ಹಿಡಿಸಿದ ಕೆಲಸಕ್ಕೆ ಹೋಗಬಹುದು. ಇಪ್ಪತ್ತೈದರ ಹುಡುಗಿ ಮೊದಲ ಸಂಬಳದಿಂದಲೇ ಎಸ್‌ಐಪಿ ಹಾಕಲಿ. ಮೂವತ್ತೈದರವರು ಸಾಲದ ಪಟ್ಟಿ ಮಾಡಲಿ. ನಲವತ್ತೈದರವರು ಇವತ್ತೇ ಆರೋಗ್ಯ ವಿಮೆ ಮಾಡಿಸಲಿ. ವಯಸ್ಸು ಎಷ್ಟೇ ಆಗಿರಲಿ, ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಈ ಭಾನುವಾರವೇ ಮನೆಯವರೊಂದಿಗೆ ಕುಳಿತುಕೊಳ್ಳಿ, ನಿಮ್ಮ ಮನೆಯ ತಿಂಗಳ ಖರ್ಚು ಎಷ್ಟೆಂದು ಬರೆಯಿರಿ.